ಬೆನ್ನು ಸೀಳಿದ ಕೋಟು

ನಾನು ಒಂದು ಕೋಟು. ಕಪ್ಪು ಬಣ್ಣ, ಮೂರು ಗುಂಡಿ, ಎಡ ಎದೆಯ ಮೇಲೊಂದು ಜೇಬು. ಮುಂದಿನಿಂದ ನೋಡಿದರೆ ಯಾವ ಸಾಹೇಬರ ಕೋಟಿಗೂ ನಾನು ಕಡಿಮೆಯಿಲ್ಲ. ಹಿಂದಿನ ಕಥೆ ಬೇರೆ. ಅದನ್ನು ಹೇಳಲು ಮೊದಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು.

ಹುಬ್ಬಳ್ಳಿಯ ಮೆಹಬೂಬಸಾಬ ಎಂಬ ದರ್ಜಿ ನನ್ನನ್ನು ಹೊಲಿದದ್ದು ಒಬ್ಬ ಮದುಮಗನಿಗಾಗಿ. ಅವನು ನನ್ನನ್ನು ತೊಟ್ಟದ್ದು ಒಂದೇ ದಿನ. ಮದುವೆಯಾದ ವರ್ಷದೊಳಗೆ ಅವನ ಹೊಟ್ಟೆ ಹೇಗೆ ಬೆಳೆಯಿತೆಂದರೆ, ನನ್ನ ಗುಂಡಿಗೂ ಕಾಜಕ್ಕೂ ಭೇಟಿಯೇ ತಪ್ಪಿಹೋಯಿತು. ಆಮೇಲೆ ಟ್ರಂಕಿನ ತಳದಲ್ಲಿ ಡಾಂಬರು ಗುಳಿಗೆಗಳ ಜೊತೆ ನಾಲ್ಕು ವರ್ಷ ಕಳೆದೆ. ಅವನ ನೆಂಟ ಮೌನೇಶಪ್ಪ ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡ್ ಎದುರು ಫೋಟೋ ಸ್ಟುಡಿಯೋ ತೆರೆದಾಗ ನನ್ನನ್ನು ಅವನಿಗೆ ಕೊಟ್ಟುಬಿಟ್ಟರು.

ಮೌನೇಶಪ್ಪ ಮೊದಲ ದಿನವೇ ಕತ್ತರಿ ಹಿಡಿದು ನನ್ನ ಬೆನ್ನನ್ನು ಕಾಲರಿನಿಂದ ಅಂಚಿನವರೆಗೆ ಸೀಳಿದ. ಎರಡೂ ಕಡೆ ಲಾಡಿ ಹೊಲಿದ. ಹೀಗಾದರೆ ದಪ್ಪಗಿನವರಿಗೂ ಸಣಕಲರಿಗೂ ಒಂದೇ ಕೋಟು ಸಾಕು. ಮುಂದಿನಿಂದ ತೋಳು ತೂರಿಸುವುದು, ಹಿಂದೆ ಬಿಗಿದು ಕಟ್ಟುವುದು. ಅಂದಿನಿಂದ ನಾನು ಊರಿನ ಗಂಡಸರೆಲ್ಲರ ಕೋಟಾದೆ. ವಧು ಹುಡುಕುವವರು, ನೌಕರಿಗೆ ಅರ್ಜಿ ಹಾಕುವವರು, ಪಂಚಾಯಿತಿಗೆ ಗೆದ್ದವರು, ಎಲ್ಲರೂ ನನ್ನೊಳಗೆ ಕುಳಿತರು. ಅವರ ಎದೆಬಡಿತ ನನಗೆ ಮಾತ್ರ ಕೇಳುತ್ತಿತ್ತು. ಕ್ಯಾಮೆರಾ ಮುಂದೆ ಹೆದರದ ಗಂಡಸನ್ನು ನಾನು ಕಂಡಿಲ್ಲ. ಬಂದವರಿಗೆಲ್ಲ ಮರ್ಯಾದೆ ಕೊಡುವವನು ನಾನೇ ಎಂಬ ಜಂಬ ನನಗೆ ತಲೆಗೇರಿತ್ತು.

ಸತ್ತವರಿಗೂ ನಾನು ಬೇಕಾಗುತ್ತಿದ್ದೆ. ಗೋಡೆಗೆ ಹಾಕಲು ಒಳ್ಳೆಯ ಫೋಟೋ ಇಲ್ಲದವರ ಮನೆಯವರು ಯಾವುದೋ ಹಳೆಯ ಚಿತ್ರ ತರುತ್ತಿದ್ದರು. ಮೌನೇಶಪ್ಪ ಅದರಿಂದ ತಲೆಯನ್ನು ಮಾತ್ರ ಕತ್ತರಿಸಿ, ನನ್ನ ಚಿತ್ರದ ಮೇಲೆ ಅಂಟಿಸಿ, ಕುಂಚದಿಂದ ತಿದ್ದಿ, ಮತ್ತೆ ಫೋಟೋ ತೆಗೆಯುತ್ತಿದ್ದ. ತಲೆಯಿಲ್ಲದ ನನ್ನ ಹತ್ತಾರು ಚಿತ್ರಗಳು ಅವನ ಡ್ರಾಯರಿನಲ್ಲಿ ಸದಾ ತಯಾರಿರುತ್ತಿದ್ದವು.

ದುರುಗವ್ವ ತೀರಿಕೊಂಡಾಗಲೂ ಹೀಗೆಯೇ ಆಯಿತು. ದುರುಗವ್ವ ಜೋಗತಿ. ಗಂಡಾಗಿ ಹುಟ್ಟಿ, ಹರೆಯದಲ್ಲಿ ಎಲ್ಲಮ್ಮನ ಹೆಸರಿನಲ್ಲಿ ಕೊರಳಿಗೆ ಮುತ್ತು ಕಟ್ಟಿಸಿಕೊಂಡು ದೇವಿಗೆ ಮೀಸಲಾಗಿ, ನಲವತ್ತು ವರ್ಷ ಸೀರೆಯುಟ್ಟು, ದೇವಿಯ ಮೂರ್ತಿಯಿಟ್ಟ ಬುಟ್ಟಿಯಾದ ಜಗವನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋದವಳು. ಊರೆಲ್ಲ ಅವಳನ್ನು ಯವ್ವಾ ಎಂದು ಕರೆಯುತ್ತಿತ್ತು. ಅವಳ ಅಣ್ಣನ ಮಗ ಒಂದು ಮದುವೆಯ ಫೋಟೋ ತಂದ. ಅದರ ಮೂಲೆಯಲ್ಲಿ ದುರುಗವ್ವ ನಿಂತಿದ್ದಳು.

"ಇದೊಂದ ಐತ್ರಿ ಅವರ ಫೋಟೋ. ಕೋಟ ಹಾಕಿ ಮಾಡಿ ಕೊಡ್ರಿ. ಹೆಸರು ದುರಗಪ್ಪ ಅಂತ ಬರೀರಿ. ಮನಿಗೆ ಬೀಗರು ಬರೂ ಹೊತ್ತು," ಎಂದ.

ಮೌನೇಶಪ್ಪ ಕತ್ತರಿ ಆಡಿಸಿದ. ಹಣೆಯ ಕುಂಕುಮ ಅಳಿಸಿದ, ಮೂಗುತಿ ಅಳಿಸಿದ, ಕೂದಲು ಗಿಡ್ಡ ಮಾಡಿದ. ಕೊನೆಗೆ ಸಣ್ಣ ಕುಂಚ ತೆಗೆದುಕೊಂಡು ತೆಳ್ಳಗೊಂದು ಮೀಸೆ ಬರೆದ. ಕೆಲಸ ಎಷ್ಟು ನಾಜೂಕಾಗಿತ್ತೆಂದರೆ ಅವನೇ ಎರಡು ಸಲ ದೂರ ಹಿಡಿದು ನೋಡಿ ತಲೆದೂಗಿದ. ಸುಳ್ಳೇಕೆ ಹೇಳಲಿ, ನಾನೂ ಹಿಗ್ಗಿದೆ.

ಹನ್ನೊಂದನೆಯ ದಿನ ಹುಲಿಗೆವ್ವ ಬಂದಳು. ಅವಳೂ ಗಂಡಾಗಿ ಹುಟ್ಟಿ ಜೋಗತಿಯಾದವಳು, ದುರುಗವ್ವ ಮಗಳೆಂದು ಸಾಕಿ ಬೆಳೆಸಿದವಳು. ಸತ್ತವರ ಮನೆಯ ಗೋಡೆ ನೋಡಿಕೊಂಡು ನೇರವಾಗಿ ಇಲ್ಲಿಗೇ ಬಂದಿದ್ದಳು.

"ಮೌನೇಶಣ್ಣಾ, ನಮ್ಮವ್ವಗ ಮೀಸಿ ಬರದಾಂವ ನೀನ ಏನು?"

"ಅವರ ಮನಿಯವರು ಹೇಳಿದ್ರವ್ವಾ. ಕೋಟ ಹಾಕಿದ್ರ ಸತ್ತವರಿಗೆ ಒಂದ ಮರ್ಯಾದಿ ಅಂತ ನಾನೂ…"

ಹುಲಿಗೆವ್ವ ಗೋಡೆಯ ಮೊಳೆಗೆ ಕೈ ಹಾಕಿದಳು. ಕಿವಿ ಹಿಡಿದು ಎಳೆದಂತೆ ಕಾಲರ್ ಹಿಡಿದು ನನ್ನನ್ನು ಎಳೆದು, ತಿರುಗಿಸಿ, ಸೀಳಿದ ಬೆನ್ನನ್ನು ಅವನ ಮುಖಕ್ಕೆ ಹಿಡಿದಳು.

"ಮುಂದ ಕೋಟ, ಹಿಂದ ಬಯಲು. ಇದಕ್ಕ ಮರ್ಯಾದಿ ಅಂತಿಯೇನು? ನಲವತ್ತ ವರ್ಷ ಮೈತುಂಬ ಸೆರಗ ಹೊತ್ತಾಕಿ ನಮ್ಮವ್ವ!"

ಅಷ್ಟು ವರ್ಷದಲ್ಲಿ ಯಾರೂ ನನ್ನ ಬೆನ್ನನ್ನು ಹಾಗೆ ತೋರಿಸಿರಲಿಲ್ಲ. ನನಗೆ ನೆಲದೊಳಗೆ ಇಳಿದುಹೋಗಬೇಕು ಎನ್ನಿಸಿತು.

"ನಾನೂ ಒಂದಿನ ಸಾಯಾಕಿ," ಎಂದಳು ಹುಲಿಗೆವ್ವ. "ಸತ್ತ ಮ್ಯಾಲ ಗೋಡಿ ಮ್ಯಾಲ ನಾನ ಇರಬೇಕು, ಮತ್ತ್ಯಾವನೋ ಇರಬಾರದು. ನನ್ನ ಫೋಟೋ ತಗಿ. ತಗದು ಹೊರಗ ಗಾಜಿನ ಪೆಟಗಿಯೊಳಗ ಇಡು."

ಫೋಟೋ ತೆಗೆಯಲು ಮೌನೇಶಪ್ಪ ಒಪ್ಪಿದ. ಗಾಜಿನ ಪೆಟ್ಟಿಗೆ ಎಂದದ್ದಕ್ಕೆ ಮಾತ್ರ ಹಿಂಜರಿದ. ಬೀದಿಗೆ ಕಾಣುವ ಆ ಪೆಟ್ಟಿಗೆಯಲ್ಲಿ ಮದುಮಕ್ಕಳು, ಪದವಿ ಪಡೆದವರು, ತೊಟ್ಟಿಲ ಕೂಸುಗಳು ಇರುತ್ತಿದ್ದರು.

"ಮದವಿ ಮಂದಿ ಅಂಗಡಿ ಹತ್ತಂಗಿಲ್ಲವ್ವಾ. ಫೋಟೋ ಮನಿಗೆ ಒಯ್ದು ಇಟಗೋ," ಎಂದ.

"ಮನ್ಯಾಗಿದ್ದದ್ದನ್ನ ನಾ ಸತ್ತ ದಿನ ಒಲಿಗೆ ಹಾಕತಾರ. ಊರ ನೋಡಿದ ಮುಖಕ್ಕ ಯಾರೂ ಮೀಸಿ ಬರಿಯಾಕ ಆಗಂಗಿಲ್ಲ."

ಅವನು ಆಗುವುದಿಲ್ಲ ಎಂದ. ಅವಳು ಹೋದಳು. ಮರುದಿನ ಬಾಗಿಲು ತೆರೆಯುವ ಹೊತ್ತಿಗೆ ಜಗ ಹೊತ್ತುಕೊಂಡು ಬಂದು ಮೆಟ್ಟಿಲ ಬಳಿ ನಿಂತಳು. ಕೂಗಲಿಲ್ಲ, ಶಾಪ ಹಾಕಲಿಲ್ಲ. ಬಿಸಿಲು ಏರಿದರೆ ಪಕ್ಕಕ್ಕೆ ಸರಿಯುವಳು, ಬಾಗಿಲು ಹಾಕಿದ ಮೇಲೆ ಹೋಗುವಳು. ಫೋಟೋಕ್ಕೆ ಬಂದವರು ಮೊದಲು ದೇವಿಗೆ ಕೈಮುಗಿದು ಆಮೇಲೆ ಒಳಗೆ ಬರುತ್ತಿದ್ದರು. ಹೀಗೆ ಐದು ದಿನ ನಡೆಯಿತು.

ಆರನೆಯ ದಿನ ಅವನು ಡ್ರಾಯರ್ ಎಳೆದು ಆ ಮದುವೆಯ ಫೋಟೋ ಹೊರತೆಗೆದ. ಮೂಲೆಯಲ್ಲಿ ಹಸಿರು ಸೀರೆ ಇತ್ತು, ಕೈತುಂಬ ಬಳೆ ಇದ್ದವು, ಕತ್ತಿನ ಮೇಲೊಂದು ದುಂಡನೆಯ ತೂತು. ತಿರುಗಿ ಅಂಟಿಸೋಣವೆಂದರೆ ಮೀಸೆಯಿಲ್ಲದ ಆ ಮುಖ ಎಲ್ಲಿಯೂ ಉಳಿದಿರಲಿಲ್ಲ. ಆಮೇಲೆ ನನ್ನನ್ನು ಒಯ್ದು ಬಾಗಿಲ ಹಿಂದೆ ತೂಗುಹಾಕಿ, ಹೊರಗೆ ಮುಖ ಮಾಡಿ, "ಒಳಗ ಬಾ ಯವ್ವಾ," ಎಂದ.

ಅವನ ಸ್ಟುಡಿಯೋದಲ್ಲಿ ಗಂಡಸರು ಕುರ್ಚಿಯ ಮೇಲೆ ಕೂರುವುದು, ಹೆಂಗಸರು ಪಕ್ಕದಲ್ಲಿ ನಿಲ್ಲುವುದು ಪದ್ಧತಿ. ಅವನು ಕುರ್ಚಿ ಹಿಡಿದುಕೊಂಡು ತಡವರಿಸಿದ.

"ಕುಂದರಸಲ್ಯಾ, ನಿಂದರಸಲ್ಯಾ?"

"ಕುರ್ಚಿ ದೇವಿಗೆ," ಎಂದಳು ಹುಲಿಗೆವ್ವ. ಹೊಸ ಖಣ ಹಾಸಿ ಜಗವನ್ನು ಕುರ್ಚಿಯ ಮೇಲಿಟ್ಟಳು. ಪಕ್ಕದಲ್ಲಿ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ನಿಂತಳು. ಅವಳ ಎದೆಬಡಿತ ನನಗೆ ಕೇಳುವಂತಿರಲಿಲ್ಲ, ನಾನು ಅವಳ ಮೈಮೇಲೆ ಇರಲಿಲ್ಲವಲ್ಲ. ಆದರೆ ಅವಳು ಹೆದರಲಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

ಫೋಟೋ ಗಾಜಿನ ಪೆಟ್ಟಿಗೆಯ ನಟ್ಟನಡುವೆ ಬಂತು. ಮದುವೆಯ ಎರಡು ಕೆಲಸ ಕೈತಪ್ಪಿದವು. ಗಾಜಿನ ಮೇಲೆ ಉಗುಳಿದವರೂ ಇದ್ದರು. ಮೌನೇಶಪ್ಪ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ, ಫೋಟೋ ಮಾತ್ರ ತೆಗೆಯಲಿಲ್ಲ. ಬರಬರುತ್ತಾ ಗದಗ, ಕೊಪ್ಪಳದ ಕಡೆಯ ಜೋಗತಿಯರೂ ಹುಡುಕಿಕೊಂಡು ಬಂದರು. "ನಮ್ಮ ದೇವಿಗೂ ಕುರ್ಚಿ ಹಾಕ್ರಿ," ಎನ್ನುತ್ತಿದ್ದರು. ಬಸ್ಸಿಗೆ ಹೋಗುವಾಗ ಹುಲಿಗೆವ್ವ ಗಾಜಿನ ಮುಂದೆ ಒಂದು ಗಳಿಗೆ ನಿಂತು, ಒಳಗಿನ ತನ್ನನ್ನು ನೋಡಿ, ಸೆರಗು ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದಳು.

ಕಾಲ ಸರಿಯಿತು. ಮೌನೇಶಪ್ಪನಿಗೆ ಕಣ್ಣು ಮಂಜಾಗಿ, ಸೊಸೆ ಕಸ್ತೂರಿ ಸ್ಟುಡಿಯೋ ನೋಡಿಕೊಳ್ಳತೊಡಗಿದಳು. ಅವಳ ಕಂಪ್ಯೂಟರಿನಲ್ಲಿ ಇನ್ನೂರು ಬಗೆಯ ಕೋಟುಗಳಿವೆ, ಒಂದಕ್ಕೂ ಧೂಳಿಲ್ಲ, ಇಸ್ತ್ರಿ ಬೇಕಿಲ್ಲ. ನಾನು ಬಾಗಿಲ ಹಿಂದೆಯೇ ಉಳಿದೆ. ತೋಳುಗಳಲ್ಲಿ ನುಸಿ ತೂತು ಬಿದ್ದಿವೆ, ಗುಂಡಿಗಳಲ್ಲಿ ಒಂದೇ ಉಳಿದಿದೆ. ಬಾಗಿಲ ಸಂದಿಯಿಂದ ಬೀದಿ ಕಾಣುತ್ತದೆ, ಹೊತ್ತು ಹೋಗುತ್ತದೆ.

ಹೋದ ಶ್ರಾವಣದಲ್ಲಿ ಹುಲಿಗೆವ್ವ ತೀರಿಕೊಂಡಳು. ಅದೇ ದಿನ ಮಧ್ಯಾಹ್ನ ಅವಳ ತಮ್ಮ ಯಮನೂರಪ್ಪ ಬಂದು ಕಸ್ತೂರಿಯ ಮುಂದೆ ಮೊಬೈಲ್ ಹಿಡಿದ.

"ನಮ್ಮಣ್ಣ ತೀರಿಕೊಂಡಾನ್ರಿ. ಇದರಾಗಿನ ಸೀರಿ ತಗದು, ಕೋಟ ಹಾಕಿ ಕೊಡ್ರಿ."

"ಎರಡ ನಿಮಿಷದ ಕೆಲಸರಿ," ಎಂದಳು ಕಸ್ತೂರಿ. "ಆದ್ರ ಅದನ್ನ ನೋಡಿ ಮಂದಿ ಯಾರಿವರು ಅಂತ ಕೇಳಿದ್ರ ಏನ ಹೇಳ್ತೀರಿ? ಹೊರಗ ಹನ್ನೆರಡ ವರ್ಷದಿಂದ ಊರೆಲ್ಲ ಅವರ ಮುಖ ನೋಡೇತಿ."

ಅವನು ಸಿಡುಕುತ್ತಾ ಹೊರಗೆ ಹೋದ. ಗಾಜಿನ ಪೆಟ್ಟಿಗೆಯ ಮುಂದೆ ಆಗಲೇ ಏಳೆಂಟು ಜನ ಸೇರಿದ್ದರು. ಹೂವು ಮಾರುವವಳು ಗಾಜಿಗೆ ಮಾಲೆ ಸಿಕ್ಕಿಸಿದ್ದಳು. ಬಸ್ಸು ಇಳಿದ ಇಬ್ಬರು ಮುದುಕಿಯರು ಚಪ್ಪಲಿ ಕಳಚಿಟ್ಟು ಕೈಮುಗಿಯುತ್ತಿದ್ದರು. ಅವನು ಯಾರೆಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಒಬ್ಬ ಮುದುಕಿ ಅವನಿಗೂ ನೋಡಲು ಜಾಗ ಬಿಟ್ಟುಕೊಟ್ಟಳು. ಯಮನೂರಪ್ಪ ಅಕ್ಕಪಕ್ಕ ನೋಡದೆ ಆ ಫೋಟೋವನ್ನೇ ನೋಡುತ್ತಾ ನಿಂತ. ಒಳಗೆ ಬಂದಾಗ ಅವನ ದನಿ ಇಳಿದಿತ್ತು.

"ಹೊರಗಿನ ಫೋಟೋನ ಇರಲ್ರಿ. ಅದಕ್ಕ ಗಾಜಿನ ಕಟ್ಟ ಹಾಕಿ ಕೊಡ್ರಿ."

"ಕೆಳಗ ಹೆಸರು ಏನಂತ ಬರೀಲ್ರಿ?"

ಯಮನೂರಪ್ಪ ಮೊಬೈಲನ್ನು ಜೇಬಿಗೆ ಹಾಕಿಕೊಂಡ.

"ಹುಲಿಗೆವ್ವ ಅಂತ ಬರೀರಿ," ಎಂದ. ಹೊರಗಿನ ಗಾಜಿನ ಕಡೆ ತಿರುಗಿ, "ನಮ್ಮ ಅಕ್ಕ," ಎಂದ.

ಎಷ್ಟೋ ಜನರ ಮೈಮೇಲೆ ಏರಿದ್ದೇನೆಂದು ಬೀಗಿದವನು ನಾನು. ದುರುಗವ್ವನಿಗೆ ನಾನು ಮಾಡಿದ ಅನ್ಯಾಯ ಸರಿಹೋಗುವುದಿಲ್ಲ. ಆದರೆ ಹುಲಿಗೆವ್ವ ಬದುಕಿದ್ದಾಗಲೂ ಸತ್ತಮೇಲೂ ನನ್ನನ್ನು ತೊಡಲಿಲ್ಲ, ಮತ್ತು ಅದೇ ಈ ಮುಪ್ಪಿನಲ್ಲಿ ನನಗಿರುವ ಒಂದೇ ಸಮಾಧಾನ.