ಶಾರತ್ ಅಜ್ಜಿಯ ಮಣ್ಣು

“ಆ ಕೋಲು ತೆಗೀರಿ. ಅದು ಜೊತೇಲಿ ಹೋಗೋದು ಬೇಡ,” ಎಂದ ಸಬ್ತಿ.

ಚಟ್ಟದ ಕೊನೆಯ ಗಂಟು ಬಿಗಿಯುತ್ತಿದ್ದ ದಖೀಲನ ಕೈ ನಿಂತಿತು. ಜೊಂಡು, ಖರ್ಜೂರದ ಗರಿ ಸೇರಿಸಿ ಕಟ್ಟಿದ ಚಟ್ಟದ ಮೇಲೆ ಅವನ ಅತ್ತೆ ಶಾರತ್ ಅಡಿಯಿಂದ ಮುಡಿಯವರೆಗೆ ಬಿಳಿಯುಟ್ಟು ಮಲಗಿದ್ದಳು. ಗುರು ಅನೂಶ್ ಆಗಷ್ಟೇ ಅವಳ ಪಕ್ಕದಲ್ಲಿ ಆಲಿವ್ ಮರದ ಕೋಲನ್ನು ಇಟ್ಟಿದ್ದರು. ಪುರೋಹಿತರ ಕೋಲು ಅದು. ಅದನ್ನು ಹಿಡಿದು ಯುಫ್ರೆಟಿಸ್ ಹೊಳೆಯಲ್ಲಿ ಸೊಂಟಮಟ್ಟ ನಿಂತು, ಪ್ರಾಯದಿಂದ ಮುಪ್ಪಿನವರೆಗೆ ಅವಳು ಸೂಕ್ ಊರಿನ ಹೆಂಗಸರಿಗೂ ಮಕ್ಕಳಿಗೂ ದೀಕ್ಷೆಯ ಸ್ನಾನ ಮಾಡಿಸಿದ್ದಳು.

“ಯಾಕೆ ಬೇಡ ಸಬ್ತಿ ಮಾವ?” ಅನೂಶ್ ಕೇಳಿದರು.

“ಪುರೋಹಿತನ ಜೊತೆ ಕೋಲು ಹೋಗ್ಲಿ. ಪುರೋಹಿತನ ಹೆಂಡ್ತಿ ಜೊತೆ ಯಾಕೆ?”

“ಪುರೋಹಿತೆ ಅಂತ ಅವರ ತಲೆಗೂ ಕಿರೀಟ ಇಟ್ಟಿದ್ರಲ್ಲ. ನೀವೂ ಅವತ್ತು ಅಲ್ಲೇ ಇದ್ರಂತೆ.”

“ಇದ್ದೆ. ಕಾಲರಾದಲ್ಲಿ ಓದು ಬರೋ ಗಂಡಸ್ರೆಲ್ಲ ಹೋದ್ರು. ಇವಳ ಅಪ್ಪ ಬರೆಯುವಾಗ ಪಕ್ಕದಲ್ಲಿ ಕೂತು ಗೆರೆ ಎಳೀತಿದ್ಲು, ಕೇಳಿ ಕೇಳಿ ಎಲ್ಲ ಬಾಯಿಗೆ ಬಂದಿತ್ತು. ಬೇರೆ ದಿಕ್ಕಿಲ್ಲ ಅಂತ ಇಟ್ರು.”

“ನಂಗೆ ಅಕ್ಷರ ಕಲಿಸಿದ್ದೂ ಅವರೇ ಮಾವ. ಹೊಳೆದಂಡೆ ಮರಳಲ್ಲಿ ಕೈ ಹಿಡಿದು ಬರೆಸಿದ್ರು. ಅವರು ಪುರೋಹಿತೆ ಅಲ್ಲ ಅಂದ್ರೆ ನಾನೂ ಅಲ್ಲ. ಆಮೇಲೆ ಇವತ್ತು ಮಣ್ಣು ಮಾಡ್ಸೋರು ಯಾರು, ಹೇಳಿ.”

ಅಂಗಳದಲ್ಲಿ ಒಬ್ಬಿಬ್ಬರು ತುಟಿಯಲ್ಲೇ ನಕ್ಕರು. ಸಬ್ತಿ ನಗಲಿಲ್ಲ. ಬೆಳ್ಳಿಗೆ ಕಪ್ಪು ಚಿತ್ತಾರ ತುಂಬುವ ಕೆಲಸದಲ್ಲಿ ಹಣ್ಣಾದ ಮುದುಕ ಅವನು. ಶಾರತ್ ನಕಲು ಮಾಡಿದ ಒಂದು ಮಂತ್ರದ ಸುರುಳಿಯನ್ನೂ ಮನೆಯೊಳಗೆ ಬಿಟ್ಟುಕೊಂಡವನಲ್ಲ. ಮೊಮ್ಮಕ್ಕಳ ಸ್ನಾನಕ್ಕೂ ದೋಣಿ ಮಾಡಿಕೊಂಡು ಬೇರೆ ಊರಿಗೆ ಹೋಗುತ್ತಿದ್ದ. ಅದು ಊರಿಗೆಲ್ಲ ಗೊತ್ತಿತ್ತು.

“ನಗ್ರಪ್ಪ,” ಎಂದ. “ನನ್ನ ಹೆಂಡ್ತಿ ಹವಾ ಸಾಯುವಾಗ ಈಯಮ್ಮನ ಮನೆ ಇದೇ ಓಣೀಲಿತ್ತು. ನಾನು ಬಸ್ರಾದಲ್ಲಿದ್ದೆ. ಬರೋಷ್ಟರಲ್ಲಿ ಮಣ್ಣಾಗಿತ್ತು. ಬಿಳಿ ಉಡಿಸಿದ್ದು ಯಾರು ಅಂದ್ರೆ, ಅವಳ ತಂಗಿ ಅಂದ್ರು. ಎಲ್ಲ ಸರಿಯಾಗಿ ಆಯ್ತು ಅಂತಾನೂ ಅಂದ್ರು. ಮಂತ್ರ ಹೇಳಿದ್ದು ಯಾರು ಅಂದ್ರೆ ಎಲ್ರೂ ನೆಲ ನೋಡಿದ್ರು. ದಾರಿ ಹೇಳ್ದೇನೇ ಕಳಿಸಿಬಿಟ್ರು ನನ್ನ ಹೆಂಡ್ತೀನ. ಈ ಪುರೋಹಿತೆ ನಮ್ಮ ಹೊಸ್ತಿಲು ದಾಟಿ ಬರ್ಲಿಲ್ಲ.”

ಬಾಗಿಲಲ್ಲಿ ನಿಂತಿದ್ದ ಶಾರತ್‌ಳ ಮಗಳು, ದಖೀಲನ ಹೆಂಡತಿ ಸಿಮತ್ ತಲೆ ತಗ್ಗಿಸಿದಳು. ಈ ಮಾತಿಗೆ ತಾಯಿ ಯಾವತ್ತೂ ಉತ್ತರ ಕೊಟ್ಟಿದ್ದನ್ನು ಅವಳು ಕೇಳಿರಲಿಲ್ಲ.

ಒಲೆಯ ಹತ್ತಿರ ಮೀನು ತೊಳೆಯುತ್ತಿದ್ದ ಮುದುಕಿ ಮಲೀಹಾ ಎದ್ದು ಬಂದಳು. ಅವಳೇ ಆ ಹವಾಳ ತಂಗಿ.

“ಹೊಸ್ತಿಲು ದಾಟ್ಲಿಲ್ಲ, ನಿಜ,” ಎಂದಳು. “ಆದ್ರೆ ಬಂದಿದ್ಲು ಭಾವ.”

“ಏನಂದೆ?”

“ಅವಳಿರೋ ತನಕ ಹೇಳ್ಬಾರ್ದು ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ಲು. ಇನ್ನು ಆಣೆಯಿಲ್ಲ.” ಮಲೀಹಾ ಸಿಮತ್ ಕಡೆ ತಿರುಗಿದಳು. “ಅವತ್ತು ನೀನೂ ಇದ್ದೆ ಕಣೇ. ಬಟ್ಟೆಯೊಳಗೆ.”

*

ಚಳಿಗಾಲ. ಬಡಗಣ ಗಾಳಿ ಬೀಸುತ್ತಿತ್ತು. ಹವಾಳಿಗೆ ಜ್ವರ ನೆತ್ತಿಗೇರಿತ್ತು. ಶಾರತ್‌ಳ ಗಂಡ, ಊರಿನ ಇನ್ನೊಬ್ಬ ಪುರೋಹಿತ, ಜೌಗಿನ ಹಳ್ಳಿಯೊಂದರ ಮದುವೆಗೆ ದೋಣಿಯಲ್ಲಿ ಹೋಗಿದ್ದ. ಪ್ರಾಣ ಹೋಗುವ ಮುಂಚೆ ಹೊಳೆನೀರಿನ ಸ್ನಾನ, ಬಿಳಿಯುಡುಗೆ, ಮಂತ್ರ ಆಗಲೇಬೇಕು. ಇಲ್ಲವಾದರೆ ಜೀವ ದಾರಿ ತಪ್ಪುತ್ತದೆ. ಹುಡುಗಿ ಮಲೀಹಾ ಶಾರತ್‌ಳ ಗುಡಿಸಲಿಗೆ ಓಡಿದಳು.

ಶಾರತ್ ಹಸಿ ಬಾಣಂತಿ. ಬೇರೆ ಚಾಪೆ, ಬೇರೆ ಬಟ್ಟಲು. ಅವಳನ್ನು ಯಾರೂ ಮುಟ್ಟುವಂತಿರಲಿಲ್ಲ. ಅವಳು ಮುಟ್ಟಿದರೆ ಸಾಯುವವಳಿಗೂ ಮೈಲಿಗೆ.

“ಹೊಳೆ ನೀರು ತಂದಿದೀಯಾ?” ಶಾರತ್ ಕೇಳಿದಳು.

“ಹೂಂ.”

“ಹಾಗಾದ್ರೆ ನೀನು ಒಳಗಿರು. ನಾನು ಗೋಡೆಯಾಚೆ ನಿಲ್ತೀನಿ.”

ಸಬ್ತಿಯ ಮನೆಯ ಹಿಂದೆ, ಜೊಂಡಿನ ಗೋಡೆಗೆ ಒಂದು ಮಾರು ದೂರದಲ್ಲಿ ಅವಳು ನಿಂತಳು. ಮಗು ಕಂಬಳಿಯೊಳಗೆ ಎದೆ ಚೀಪುತ್ತಿತ್ತು.

“ತಲೆಗೆ ಮೊದಲು ಹಾಕು. ಹೆದರ್ಬೇಡ, ತಣ್ಣಗಿದ್ರೂ ಹಾಕು. ಹಾಕಿದ್ಯಾ? ಈಗ ಬಿಳಿ ಅಂಗೀನ ಬಲತೋಳಿಗೆ ಏರಿಸು. ಸೊಂಟದ ಪಟ್ಟಿ ಸುತ್ತು, ಗಂಟು ಹಾಕ್ಬೇಡ. ನಾನು ಹೇಳಿದ್ಮೇಲೆ ಹಾಕು.”

ಆಮೇಲೆ ಮಂತ್ರ ಶುರುವಾಯಿತು. ಶಾರತ್ ಹೊರಗಿನಿಂದ ಒಂದೊಂದೇ ತುಣುಕು ಎತ್ತಿ ಕೊಡುವಳು, ಒಳಗೆ ಮಲೀಹಾ ಹೇಳುವಳು. ಹಳೆಯ ಭಾಷೆ ಅವಳ ನಾಲಿಗೆಗೆ ಹೊರಳುತ್ತಿರಲಿಲ್ಲ.

“ತಪ್ಪಿಹೋಯ್ತು ಅಕ್ಕಾ.”

“ಪರವಾಗಿಲ್ಲ. ಅಲ್ಲಿಂದಲೇ ಇನ್ನೊಂದ್ಸಲ ಹೇಳು. ಅವಸರ ಇಲ್ಲ, ಅವಳು ಕಾಯ್ತಾಳೆ.”

ಹವಾ ಕಾದಳು. ಕೊನೆಕೊನೆಗೆ ಅವಳ ತುಟಿಯೂ ಜೊತೆಯಲ್ಲಿ ಅಲ್ಲಾಡಿತು. ಗಂಟು ಬಿದ್ದ ಸ್ವಲ್ಪ ಹೊತ್ತಿಗೆ ಉಸಿರು ನಿಂತಿತು.

ಮಲೀಹಾ ಹೊರಗೆ ಬಂದಾಗ ಶಾರತ್ ಕೆಸರಲ್ಲಿ ಕುಸಿದು ಕೂತಿದ್ದಳು. ತುಟಿ ನೀಲಿಗಟ್ಟಿತ್ತು, ಕೆಸರು ಮೆತ್ತಿದ ಅಂಗಿಯ ಅಂಚು ರಕ್ತವಾಗಿತ್ತು. ಮಗು ನಿದ್ದೆ ಹೋಗಿತ್ತು. ಮಲೀಹಾ ಎತ್ತಲು ಕೈ ಚಾಚಿದರೆ, ಮುಟ್ಟಬೇಡವೆಂದು ತಲೆಯಾಡಿಸಿದಳು.

“ಎಲ್ಲ ಸರಿಯಾಗಿ ಆಯ್ತು ಅಂತ ನಿಮ್ಮ ಭಾವಂಗೆ ಹೇಳು. ನನ್ನ ಹೆಸರು ಎತ್ತಬೇಡ.”

“ಅವ್ರು ನಿನ್ನ ಬೈತಾರಲ್ಲ ಅಕ್ಕಾ.”

“ಬೈಲಿ ಬಿಡು. ಬಾಣಂತಿ ಮೈಲಿಗೇಲಿ ಮಂತ್ರ ಹೇಳಿದ್ಲು ಅಂತ ಗೊತ್ತಾದ್ರೆ ಹಿರಿಯರು ಕಿರೀಟ ಇಳಿಸ್ತಾರೆ. ಆಮೇಲೆ ಇನ್ನೊಬ್ಬ ಹೆಂಗಸು ಹೀಗೆ ಮಲಗಿದ್ರೆ ಯಾರ ಮನೆಗೆ ಓಡ್ತೀಯ?”

*

ಅಂಗಳದಲ್ಲಿ ಸಬ್ತಿ ಅನೂಶ್ ಮುಖವನ್ನೇ ನೋಡುತ್ತಿದ್ದ.

“ಗುರುಗಳೇ,” ಎಂದ. ಅವನು ಅನೂಶರನ್ನು ಹಾಗೆ ಕರೆದದ್ದು ಅದೇ ಮೊದಲು. “ಗೋಡೆಯಾಚೆಯಿಂದ ಹೇಳಿದ್ದು ಜೀವಕ್ಕೆ ಮುಟ್ಟುತ್ತಾ?”

ಅನೂಶ್ ಅವನ ಎದುರಿಗೆ ಬಂದು ನಿಂತರು.

“ಅವರು ಒಳಗೆ ಬರ್ಲಿಲ್ಲ, ಮುಟ್ಲಿಲ್ಲ. ಮುಟ್ಟಿದ ಕೈ ಶುದ್ಧವಾಗಿತ್ತು, ನೀರು ಹೊಳೇದು. ಮಾತಿಗೆ ಮೈಲಿಗೆ ಉಂಟು ಅಂತ ನಾನೆಲ್ಲೂ ಓದಿಲ್ಲ. ನಿಮ್ಮ ಮನೆಯವರು ಬಿಳಿ ಉಟ್ಟು, ಮಂತ್ರ ಕೇಳಿಸ್ಕೊಂಡು ಹೋಗಿದಾರೆ ಮಾವ. ಸೇರಬೇಕಾದ ಕಡೆ ಯಾವತ್ತೋ ಮುಟ್ಟಿರ್ತಾರೆ.”

ಸಬ್ತಿ ಇದ್ದಲ್ಲೇ ನೆಲಕ್ಕೆ ಕೂತ. ಇಷ್ಟು ಕಾಲ ಅವನ ಮನಸ್ಸಿನಲ್ಲಿ ಹವಾ ಎಲ್ಲೋ ಕತ್ತಲಲ್ಲಿ ದಾರಿ ಕೇಳುತ್ತ ಅಲೆಯುತ್ತಿದ್ದಳು. ಈಗ ಅಲೆಯುತ್ತಿರಲಿಲ್ಲ. ಸತ್ತವರಿಗಾಗಿ ಅಳುವುದು ಅವರ ಧರ್ಮದಲ್ಲಿಲ್ಲ, ಅಳಲಿಲ್ಲ.

ಕೋಲಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ನಾಲ್ವರು ಚಟ್ಟಕ್ಕೆ ಹೆಗಲು ಕೊಟ್ಟರು. ಓಣಿಯ ಉದ್ದಕ್ಕೂ ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು. ಅವರಲ್ಲಿ ಹೆಚ್ಚಿನವರ ತಲೆಯನ್ನು ಶಾರತ್‌ಳ ಕೈ ಒಂದಲ್ಲ ಒಂದು ದಿನ ನೀರಿಗೆ ಬಗ್ಗಿಸಿತ್ತು. ಗುಂಡಿಯಲ್ಲಿ ಶಾರತ್‌ಳನ್ನು ಉತ್ತರಕ್ಕೆ ಮುಖವಾಗಿ ಮಲಗಿಸಿದರು. ಮಣ್ಣು ಮುಚ್ಚಿದ ಮೇಲೆ, ಕೆಡುಕು ಹತ್ತಿರ ಸುಳಿಯದಂತೆ ಅನೂಶ್ ಅದಕ್ಕೆ ಕಬ್ಬಿಣದ ಮುದ್ರೆ ಒತ್ತಿದರು.

ಹೊಳೆಯಲ್ಲಿ ಮಿಂದು ಬಂದಾಗ ಮಧ್ಯಾಹ್ನವಾಗಿತ್ತು. ಊಟಕ್ಕೆ ರೊಟ್ಟಿ, ಮೀನು, ಖರ್ಜೂರ ಸಿದ್ಧವಾಗುತ್ತಿತ್ತು. ಅನೂಶ್ ಒಳಗಿನಿಂದ ಒಂದು ಸುರುಳಿ ತಂದು ಸಿಮತ್ ಮುಂದೆ ಚಾಪೆಯ ಮೇಲೆ ಬಿಡಿಸಿದರು. ಶಾರತ್ ಕಣ್ಣು ಮಂಜಾಗುವವರೆಗೆ ತಾನೇ ಬರೆದು, ಆಮೇಲೆ ಮಗಳ ಕೈಯಿಂದ ಬರೆಸುತ್ತಿದ್ದ ಸುರುಳಿ. ಕೊನೆಯ ಕೆಲವು ಸಾಲು ಬಾಕಿಯಿತ್ತು.

“ಮೂರನೇ ದಿನದ ಪೂಜೆಗೆ ಇದನ್ನೇ ಓದ್ತೀನಿ. ಮುಗಿಸ್ಕೊಡು.”

“ಅಮ್ಮ ಇಲ್ದೆ ನಾನೊಬ್ಳೇ ಬರೆದಿಲ್ಲ. ನಾನು ಪುರೋಹಿತೇನೂ ಅಲ್ಲ,” ಎಂದಳು ಸಿಮತ್. “ದೋಣಿಗೆ ಡಾಂಬರು ಬಳಿಯೋನ ಹೆಂಡ್ತಿ.”

“ಡಾಂಬರು ಬಳಿದಿದ್ದು ನೀರಿಗೆ ಅಳಿಸಲ್ಲ. ಬರಿ.”

ದಖೀಲ್ ತನ್ನ ಕಪ್ಪು ಕೈ ನೋಡಿಕೊಂಡು ನಕ್ಕ. ಸಿಮತ್ ಜೊಂಡಿನ ಲೇಖನಿ ಕೆತ್ತಿ ಕೂತಳು. ಕೊನೆಯಲ್ಲಿ, ಯಾರ ಜೀವಕ್ಕೆ ಒಳ್ಳೆಯದಾಗಲೆಂದು ಬರೆದದ್ದೋ ಅವರ ಹೆಸರು ಬರುವ ಜಾಗದಲ್ಲಿ ತಾಯಿಯ ಹೆಸರು ಬರೆದಳು. ತಲೆ ಎತ್ತಿದರೆ ಎದುರಿಗೆ ಸಬ್ತಿ ನಿಂತಿದ್ದ.

“ಅದರ ಕೆಳಗೆ ಜಾಗ ಇದ್ಯಾ ಮಗಳೇ?”

“ಇದೆ ದೊಡ್ಡಪ್ಪ.”

“ಹವಾ ಹೆಸರು ಹಾಕ್ತೀಯಾ?”

“ಯಾರ ಮಗಳು ಅಂತಾನೂ ಬರೀಬೇಕು. ಅವರ ತಾಯಿ ಹೆಸರು ಹೇಳಿ.”

ಸಬ್ತಿ ಬಾಯಿ ತೆರೆದ. ಹೆಸರು ಬರಲಿಲ್ಲ.

“ಅತ್ತೆ ಅಂತಲೇ ಕರೀತಿದ್ದೆ,” ಎಂದ ಮೆಲ್ಲಗೆ.

ಮಲೀಹಾ ಒಲೆ ಊದುತ್ತಿದ್ದವಳು ತಿರುಗದೆಯೇ ಹೇಳಿದಳು: “ಕುಮ್ರಿಯಾ. ನಮ್ಮಮ್ಮನ ಹೆಸರು ಕುಮ್ರಿಯಾ.”

ಸಿಮತ್ ಬರೆಯತೊಡಗಿದಳು. ಹೊಳೆ ಕಡೆಯಿಂದ ಗಾಳಿ ಎದ್ದು ಸುರುಳಿಯ ತುದಿ ಮಡಚಿಕೊಳ್ಳಲು ನೋಡಿತು. ಸಬ್ತಿ ಮಂಡಿಯೂರಿ, ಎರಡೂ ಅಂಗೈ ಅಗಲಿಸಿ ಅದನ್ನು ಒತ್ತಿ ಹಿಡಿದ. ಬೆಳ್ಳಿಯ ಕಪ್ಪು ಹಿಡಿದ ಅವನ ಬೆರಳುಗಳ ನಡುವೆ ಶಾರತ್, ಹವಾ ಎಂಬ ಎರಡು ಹೆಸರುಗಳು ಹಸಿಹಸಿಯಾಗಿ ಹೊಳೆಯುತ್ತಿದ್ದವು. ಶಾಯಿ ಆರುವ ತನಕ ಅವನು ಕೈ ಕದಲಿಸಲಿಲ್ಲ.