ಒಬ್ಬರಿಗೊಂದೇ ವೆಬ್‌ಸೈಟು

ನನ್ನ ಮೈದುನ ಕಲೀಮ್‌ನ ಮದುವೆ ಟೆಲಿಫೋನ್ ತಂತಿಯಲ್ಲಿ ಸಿಕ್ಕಿಹಾಕಿಕೊಂಡ ಕಥೆ ಇದು. ಹೇಳುತ್ತಿರುವವಳು ನಾನು, ಖಾಲಿದಾ, ಅವನ ಅತ್ತಿಗೆ. ನನಗೆ ಸಿಟ್ಟು ಜಾಸ್ತಿ ಎಂದು ಮೈಸೂರಿನಲ್ಲೂ ಅಂದಿದ್ದಾರೆ, ಈ ಪರದೇಶದ ಸಾಂಟಾ ಕ್ಲಾರಾದಲ್ಲೂ ಅನ್ನುತ್ತಾರೆ. ಅನ್ನಲಿ. ನಾನು ಸುಮ್ಮನೆ ಕೂತಿದ್ದರೆ ಆ ಹುಡುಗ ಇವತ್ತಿಗೂ ನಮ್ಮ ಅಪಾರ್ಟ್‌ಮೆಂಟಿನ ಸೋಫಾದ ಮೇಲೆಯೇ ಮಲಗಿರುತ್ತಿದ್ದ.

ಅದು ಎರಡು ಸಾವಿರದ ಇಸವಿ. ಮನೆಗೊಂದೇ ಫೋನ್ ಲೈನು. ಇಂಟರ್ನೆಟ್ಟೂ ಅದರಲ್ಲೇ ಬರಬೇಕು. ಕಂಪ್ಯೂಟರು ಲೈನು ಹಿಡಿಯಿತೆಂದರೆ ಹೊರಗಿನಿಂದ ಯಾರು ಫೋನ್ ಮಾಡಿದರೂ ಎಂಗೇಜ್. ನನ್ನ ಯಜಮಾನರು ಅನ್ವರ್ ಆಫೀಸಿನಿಂದ ಬಂದು ಶೂ ಬಿಚ್ಚುವ ಮೊದಲೇ ಷೇರಿನ ರೇಟು ನೋಡಲು ಕೂರುತ್ತಿದ್ದರು. ಅವರು ಎದ್ದರೆ ಕಲೀಮ್ ಕೂರುತ್ತಿದ್ದ. ಅವನು ಊಟಕ್ಕೆ ಎದ್ದರೆ ನಾನು ಕೂರುತ್ತಿದ್ದೆ, ಸುಳ್ಳೇಕೆ ಹೇಳಲಿ.

ಆಗಷ್ಟೇ ಕಲೀಮ್‌ಗೆ ಕಾರಿನಲ್ಲಿ ಮುಕ್ಕಾಲು ಗಂಟೆ ದೂರದ ಊರು ಡಬ್ಲಿನ್ನಿನ ಇರಮ್ ಎಂಬ ಹುಡುಗಿಯನ್ನು ನೋಡಿ ಬಂದಿದ್ದೆವು. ತೋರಿಸಿಕೊಟ್ಟವರು ಪಕ್ಕದ ಅಪಾರ್ಟ್‌ಮೆಂಟಿನ ಜಲಜಾ. ಅವರ ಯಜಮಾನರು ಶೇಷಗಿರಿ ಮತ್ತು ಇರಮ್‌ಳ ತಂದೆ ಒಂದೇ ಆಫೀಸಿನವರು. ಹುಡುಗಿಯ ಕಡೆಯವರದು ಹುಬ್ಬಳ್ಳಿ. ಅವರ ಉರ್ದು ಕೇಳಿ ನಮಗೆ ನಗು, ನಮ್ಮ ಮೈಸೂರು ಉರ್ದು ಕೇಳಿ ಅವರಿಗೆ ನಗು. ಕೊನೆಗೆ ಎರಡೂ ಕಡೆಯವರು ಮರ್ಯಾದೆಯಾಗಿ ಕನ್ನಡಕ್ಕೆ ಬಂದೆವು. ಹುಡುಗಿ ನನಗೆ ತುಂಬಾ ಹಿಡಿಸಿದಳು. ಸಾರಿನಲ್ಲಿ ಹಸಿ ಕರಿಬೇವಿನ ಘಮ ಬರುತ್ತಿತ್ತು, ಎಲ್ಲಿ ಸಿಕ್ಕಿತು ಎಂದೆ. ತಾನೇ ಕುಂಡದಲ್ಲಿ ಬೆಳೆಸುತ್ತೇನೆ, ಈ ಚಳಿಯಲ್ಲಿ ಗಿಡ ಉಳಿಸಿಕೊಳ್ಳುವುದು ಹೇಗೆ ಅಂತ ಒಂದು ವೆಬ್‌ಸೈಟೂ ಮಾಡಿದ್ದೇನೆ ಎಂದಳು. ಇಷ್ಟು ಚೂಟಿ ಹುಡುಗಿಯ ಎದುರು ನಮ್ಮ ಕಲೀಮ್ ಬಾಯಿಗೆ ಕಡುಬು ತುರುಕಿಕೊಂಡವನ ಹಾಗೆ ಕೂತಿದ್ದ. ಅವಳ ತಂದೆ ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೇ. ವಾಪಸು ಬರುವಾಗ ಫ್ರೀವೇಯಲ್ಲಿ ಮಾತ್ರ ಬಾಯಿ ಬಿಟ್ಟ.

‘ಭಾಬಿ, ಈ ಮನೆ ಬಿಟ್ರೆ ನಂಗೆ ಬೇರೆ ಎಲ್ಲೂ ನೋಡ್ಬೇಡಿ.’

ಅಯ್ಯೋ ಪುಣ್ಯಾತ್ಮ, ಇದನ್ನು ಅಲ್ಲೇ ಹೇಳಬಾರದಿತ್ತೇ?

ನಮ್ಮಲ್ಲಿ ಪೈಗಾಮು, ಅಂದರೆ ಹೆಣ್ಣು ಕೇಳುವ ಮಾತು, ಗಂಡಿನ ಕಡೆಯಿಂದ ಹೋಗಬೇಕು. ಜವಾಬು ಹೆಣ್ಣಿನ ಕಡೆಯಿಂದ ಬರಬೇಕು, ಅದೂ ಆ ಮನೆಯ ಹಿರಿಯರು ಈ ಮನೆಯ ಹಿರಿಯರಿಗೆ ಬಾಯಿಬಿಟ್ಟು ಹೇಳಬೇಕು. ಆಫೀಸಿಗೆ ಫೋನ್ ಮಾಡಿ ಹೇಳುವಂಥದ್ದಲ್ಲ, ಈ-ಮೇಲಿನಲ್ಲಿ ಬರೆಯುವಂಥದ್ದಂತೂ ಅಲ್ಲವೇ ಅಲ್ಲ. ಏನಾಯಿತು ಎಂದು ನಾವಾಗಿ ಕೇಳುವ ಹಾಗೂ ಇಲ್ಲ. ಹಾಗಾಗಿ ಪೈಗಾಮು ಕಳಿಸಿ ಕಾದೆವು. ವಾರ ಕಳೆದರೂ ಫೋನಿಲ್ಲ. ಕಲೀಮ್‌ಗೆ ಊಟ ಸೇರದಾಯಿತು, ನಾನು ಒಳಗೊಳಗೇ ಬೇಯುತ್ತಿದ್ದೆ.

ಒಂದು ದಿನ ಎಲ್ ಕಮೀನೋ ರಸ್ತೆಯ ಇಂಡಿಯನ್ ಅಂಗಡಿಯಲ್ಲಿ ಬೆಂಡೆಕಾಯಿ ಆರಿಸುತ್ತಿದ್ದೆ. ಜಲಜಾ ಬಂದವರೇ ಮುಖ ಗಂಟು ಹಾಕಿಕೊಂಡು ನಿಂತರು.

‘ಇಷ್ಟ ಇಲ್ದಿದ್ರೆ ಒಂದು ಮಾತು ಹೇಳ್ಬಿಡೋದಲ್ವೇನ್ರೀ ಖಾಲಿದಾ? ಫೋನ್ ಯಾಕ್ರೀ ತೆಗೆದಿಟ್ರಿ?’

ಇರಮ್‌ಳ ತಂದೆ ದಿನಾ ಸಂಜೆ ಫೋನ್ ಮಾಡುತ್ತಿದ್ದಾರಂತೆ, ದಿನಾ ಎಂಗೇಜ್ ಅಂತೆ. ನಮ್ಮ ಜನ ಮುಖ ನೋಡಿ ಬೇಡ ಅನ್ನುವುದಿಲ್ಲ. ಫೋನ್ ಎತ್ತದಿದ್ದರೆ ಅದೇ ಬೇಡ ಅಂದ ಹಾಗೆ. ಪೈಗಾಮು ಕಳಿಸಿ, ಆಮೇಲೆ ರಿಸೀವರ್ ಕೆಳಗಿಟ್ಟು ಅಡಗಿ ಕೂತಿದ್ದೇವೆ ಎಂದು ಅವರು ತಿಳಿದುಕೊಂಡಿದ್ದರು. ಅದು ಇಂಟರ್ನೆಟ್ಟಿನ ಕರ್ಮ, ದಯವಿಟ್ಟು ಶೇಷಗಿರಿಯವರ ಕೈಲಿ ಹೇಳಿಸಿ ಎಂದು ಜಲಜಾರ ಕೈ ಹಿಡಿದುಕೊಂಡೆ. ಬೆಂಡೆಕಾಯಿ ಅಲ್ಲೇ ಬಿಟ್ಟು ಮನೆಗೆ ಓಡಿದೆ.

ಅವತ್ತು ಸಂಜೆ ಮೋಡೆಮ್ಮಿನ ವೈರು ಕಿತ್ತು ಊಟದ ಮೇಜಿನ ಮೇಲಿಟ್ಟೆ. ಇನ್ನು ಮೇಲೆ ಒಬ್ಬರಿಗೆ ಒಂದೇ ವೆಬ್‌ಸೈಟು, ಅದೂ ಬೆಳಗಿನ ಚಹಾದ ಹೊತ್ತಿನಲ್ಲಿ. ಸಂಜೆ ಲೈನು ಖಾಲಿ ಇರಬೇಕು. ಯಾವುದು ಬೇಕೋ ಈಗಲೇ ಹೇಳಿ, ಉಳಿದದ್ದನ್ನು ಮರೆತುಬಿಡಿ ಎಂದೆ.

ನನ್ನ ಯಜಮಾನರು ತಲೆ ಮೇಲೆ ಕೈ ಹೊತ್ತರು. ಷೇರು ಬೇಕು, ಕ್ರಿಕೆಟ್ ಬೇಕು, ಬೆಂಗಳೂರಿನ ಪೇಪರ್ ಬೇಕು, ಹಳೇ ರೇಡಿಯೋ ಹರಾಜಿಗಿಡುವ ಸೈಟೂ ಬೇಕು. ನೀವು ನೋಡದಿದ್ದರೆ ಷೇರು ಏರುವುದಿಲ್ಲವೇ ಎಂದು ಕೇಳಿದೆ. ತುಂಬ ಹೊತ್ತು ಒದ್ದಾಡಿ ಷೇರು ಬಿಟ್ಟರು, ರೇಡಿಯೋ ಬಿಟ್ಟರು. ಪೇಪರಿನಲ್ಲಿ ಕ್ರಿಕೆಟ್ ಸ್ಕೋರೂ ಇರುತ್ತದೆ ಎಂದು ಹೊಳೆದಾಗ ಮುಖ ಊರಗಲವಾಯಿತು. ಆಮೇಲೆ ನನ್ನ ಸರದಿ. ನನಗೆ ಮೈಸೂರಿನ ಹವಾಮಾನ ಸಾಕು ಎಂದು ದೊಡ್ಡದಾಗಿ ಹೇಳಿದೆ. ಅಡುಗೆಯವರ ಚರ್ಚೆಯ ಸೈಟಿನಲ್ಲಿ ಬಿರಿಯಾನಿಗೆ ಆಲೂಗಡ್ಡೆ ಹಾಕುವ ಯಾವಳೋ ಒಬ್ಬಳ ಜೊತೆ ನಾನು ತಿಂಗಳಿಂದ ಜಗಳ ಕಾಯುತ್ತಿದ್ದುದು ಇಬ್ಬರಿಗೂ ಗೊತ್ತಿತ್ತು. ಹೊಟ್ಟೆ ಹಿಡಿದುಕೊಂಡು ನಕ್ಕರು. ಹವಾಮಾನ ಬಿಟ್ಟೆ, ಜಗಳ ಇಟ್ಟುಕೊಂಡೆ.

ಕಲೀಮ್ ಮಾತ್ರ ಚೌಕಾಸಿಯನ್ನೇ ಮಾಡಲಿಲ್ಲ. ಹಾಡು ಇಳಿಸಿಕೊಳ್ಳುವುದು, ಸ್ನೇಹಿತರ ಹರಟೆ, ಹೊಸ ಕೆಲಸ ಹುಡುಕುವುದು, ಎಲ್ಲ ಬಿಟ್ಟೆ ಎಂದ. ಒಂದಿದೆ, ಅದು ಸಾಕು ಎಂದ. ಯಾವುದೆಂದು ಹೇಳಲಿಲ್ಲ. ನನಗೆ ಅನುಮಾನ ಹತ್ತಿತು.

ಲೈನು ಖಾಲಿಯಾಯಿತು. ಶೇಷಗಿರಿಯವರು ವಿಷಯವನ್ನೂ ಮುಟ್ಟಿಸಿದರು. ಆದರೂ ಡಬ್ಲಿನ್ನಿನಿಂದ ಫೋನ್ ಬರಲಿಲ್ಲ. ಒಂದು ಶನಿವಾರ ಬೆಳಿಗ್ಗೆ ತಲೆ ಕೆಟ್ಟು ಹೋಗಿ ಕಲೀಮ್‌ನ ಬೆನ್ನ ಹಿಂದೆ ಹೋಗಿ ನಿಂತು ಇಣುಕಿದೆ. ಪರದೆಯ ಮೇಲೆ ಕರಿಬೇವಿನ ಗಿಡ. ಫೋಟೋ ಮೇಲಿನಿಂದ ಒಂದೊಂದೇ ಗೆರೆಯಾಗಿ ಇಳಿಯುತ್ತಿತ್ತು, ಇನ್ನೂ ಕುಂಡ ಬಂದಿರಲಿಲ್ಲ. ಇರಮ್‌ಳ ವೆಬ್‌ಸೈಟು. ಗದರಿಸಿ ಕೇಳಿದರೆ, ಅವಳನ್ನು ನೋಡಿ ಬಂದ ದಿನದಿಂದ ಸಂಜೆಯೆಲ್ಲ ಅದನ್ನೇ ನೋಡುತ್ತಿದ್ದೆ, ಫೋಟೋಗಳು ಬಹಳ ಇವೆ, ನಿಧಾನಕ್ಕೆ ಬರುತ್ತವೆ ಎಂದು ತಲೆ ತಗ್ಗಿಸಿದ. ಅಂದರೆ ಮಗಳ ಗಿಡವೇ ಅಪ್ಪನ ಫೋನನ್ನು ಬಾಗಿಲಲ್ಲಿ ತಡೆದು ನಿಲ್ಲಿಸಿತ್ತು. ಇವನಿಗೆ ಹೊಡೆಯಲೋ ಮುತ್ತಿಡಲೋ ನನಗೆ ತಿಳಿಯಲಿಲ್ಲ.

ಪದ್ಧತಿ ಮನೆ ಹಾಳಾಗಲಿ, ನಾನೇ ಫೋನ್ ಮಾಡುತ್ತೇನೆ ಎಂದೆ. ಮರ್ಯಾದೆ ಹೋಗುತ್ತದೆ ಎಂದರು ಯಜಮಾನರು. ಹೋದರೆ ಹೋಗಲಿ ಎಂದು ನಂಬರು ಒತ್ತಿದೆ. ಎಂಗೇಜ್. ಚಹಾ ಕುಡಿದು ಒತ್ತಿದೆ, ಎಂಗೇಜ್. ಕಾರು ತೆಗೀರಿ ಎಂದೆ.

ಡಬ್ಲಿನ್ನಿನಲ್ಲಿ ಬಾಗಿಲು ತೆರೆದವರು ಇರಮ್‌ಳ ತಂದೆಯೇ. ಬರ್ರಿ, ಕುಂದರ್ರಿ ಎಂದರು. ಮಾತಿನಲ್ಲಿ ಬಿಸಿ ಇರಲಿಲ್ಲ. ಲೈನು ಯಾಕೆ ಎಂಗೇಜ್ ಆಗಿತ್ತೆಂದು ಅವರಿಗೆ ಗೊತ್ತಿತ್ತಂತೆ. ಮನೆಯವರೆಲ್ಲ ಹಗಲೂ ರಾತ್ರಿ ಇಂಟರ್ನೆಟ್ಟಿನ ಮುಂದೆ ಕೂತಿರುತ್ತೀರಂತಲ್ಲ ಎಂದು ಚಹಾ ಕಪ್ಪನ್ನು ನೋಡುತ್ತಾ ಹೇಳಿದರು. ನನಗೆ ತಡೆಯಲಾಗಲಿಲ್ಲ. ಒಬ್ಬರಿಗೊಂದೇ ಸೈಟು ಎಂದು ನಾನು ಹಾಕಿದ ಕಾನೂನನ್ನೂ, ಕಲೀಮ್ ಎಲ್ಲ ಬಿಟ್ಟು ಉಳಿಸಿಕೊಂಡದ್ದು ಏನೆಂಬುದನ್ನೂ ಒಂದೇ ಉಸಿರಿನಲ್ಲಿ ಒದರಿದೆ. ಅಷ್ಟರಲ್ಲಿ ಒಳಗೆ ಕಂಪ್ಯೂಟರಿನಲ್ಲಿ ಹೊಸ ಫೋಟೋ ಹಾಕುತ್ತಿದ್ದ ಇರಮ್ ಬಂದು ಬಾಗಿಲಲ್ಲಿ ನಿಂತಿದ್ದಳು. ಅವಳ ಕಿವಿ ಕೆಂಪಾಗಿತ್ತು.

ಅವಳ ತಂದೆ ಕಲೀಮ್‌ನತ್ತ ತಿರುಗಿ, ‘ಏನೈತಪಾ ಅದರಾಗ?’ ಎಂದು ಕೇಳಿದರು.

ಈ ಮೂಕಬಸವ ಈಗಲೂ ಹೂಂ ಅಂದರೆ ಕಥೆ ಮುಗಿಯಿತು. ಆದರೆ ಕಲೀಮ್ ಶುರು ಮಾಡಿದ. ಇಬ್ಬನಿ ಹೆಪ್ಪುಗಟ್ಟುವ ಮೊದಲು ಗಿಡವನ್ನು ಗರಾಜಿನೊಳಗೆ ಇಡಬೇಕು, ಚಳಿಯಲ್ಲಿ ನೀರು ಕಡಿಮೆ, ಮೂಲೆಯ ಕುಂಡದ ಗಿಡ ಹೋದ ವರ್ಷ ಸತ್ತೇಹೋಯಿತೆಂದು ಎಸೆಯಲು ಹೋದಾಗ ಬುಡದಲ್ಲಿ ಚಿಗುರು ಕಂಡಿತು, ತಿಂಗಳಿಗೊಮ್ಮೆ ಹುಳಿ ಮೊಸರು ಹಾಕಬೇಕು. ಎರಡು ವರ್ಷದಿಂದ ನಮ್ಮ ಮನೆಯಲ್ಲಿದ್ದಾನೆ, ಅವನು ಇಷ್ಟು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

‘ಮೊಸರಲ್ಲ, ಮಜ್ಜಿಗೆ,’ ಎಂದಳು ಇರಮ್, ಬಾಗಿಲಿನಿಂದಲೇ. ‘ನೀರು ಮಜ್ಜಿಗೆ.’

ಮೊಸರು ಹಾಕಿದರೆ ಏನಾಗುತ್ತದೆ ಎಂದು ಅವನು ಕೇಳಿದ. ಇರುವೆ ಬರುತ್ತವೆ ಎಂದು ಹೇಳುತ್ತಾ ಅವಳು ಒಳಗೆ ಬಂದು ಎದುರಿನ ಕುರ್ಚಿಯ ಮೇಲೆ ಕೂತೇಬಿಟ್ಟಳು. ಹಿರಿಯರು ಇದ್ದೇವೆಂಬುದು ಇಬ್ಬರಿಗೂ ಮರೆತುಹೋಯಿತು.

ಅವಳ ತಂದೆ ಸ್ವಲ್ಪ ಹೊತ್ತು ಅವರಿಬ್ಬರನ್ನೂ ನೋಡಿದರು. ಆಮೇಲೆ ನನ್ನ ಕಡೆಗೆ ಬಾಗಿ ದನಿ ತಗ್ಗಿಸಿದರು.

‘ನಾ ಫೋನ್ ಹಚ್ಚಿದ್ದು ಬ್ಯಾಡ ಅಂತ ಹೇಳಾಕ, ತಂಗಿ. ಹುಡುಗ ಮಾತೇ ಆಡಂಗಿಲ್ಲ, ಮನಸ್ಸಿಲ್ಲದ ಬಂದಾನ ಅಂತ ತಿಳದಿದ್ದೆ. ಫೋನ್ ಹತ್ತಲಿಲ್ಲ, ಇಂಟರ್ನೆಟ್ಟಿನ ಸುದ್ದಿ ಕೇಳಿದ ಮ್ಯಾಲ ಹಚ್ಚೂದೂ ಬಿಟ್ಟೆ. ಛಲೋ ಆತು.’

ಅವರು ನೆಟ್ಟಗೆ ಕೂತು, ಟೋಪಿ ಸರಿಮಾಡಿಕೊಂಡು, ಮನೆಯ ಹಿರಿಯರಾದ ನನ್ನ ಯಜಮಾನರ ಕಡೆ ತಿರುಗಿ, ಪದ್ಧತಿಯ ಪ್ರಕಾರ ಬಾಯಿಬಿಟ್ಟು, ನಮಗೆ ಒಪ್ಪಿಗೆ ಐತ್ರಿ ಎಂದರು. ಯಜಮಾನರು ಎದ್ದು ಅವರನ್ನು ತಬ್ಬಿಕೊಂಡರು. ನಾನು ನಗುತ್ತಾ ಅತ್ತೆ, ಅಳುತ್ತಾ ನಕ್ಕೆ, ಸೆರಗು ಒದ್ದೆಯಾಯಿತು.

ಆ ಇಬ್ಬರಿಗೆ ಮಾತ್ರ ಏನೂ ಕೇಳಿಸಿರಲಿಲ್ಲ. ಇನ್ನೂ ಇರುವೆಯ ಮೇಲೇ ವಾದ ನಡೆದಿತ್ತು. ಜವಾಬು ಬಂದಾಯಿತೆಂದು ಕೊನೆಗೆ ನಾನೇ ಎದ್ದು ಹೋಗಿ ಅವರಿಗೆ ಹೇಳಬೇಕಾಯಿತು.