ಒಂಬತ್ತನೇ ಗೋಡೆ

ನಾನು ಒಂದು ಗೋಡೆ. ಅಡತಿ ಓಣಿಯ ಮೂಲೆಯಲ್ಲಿರುವ ಶೇಂಗಾ ಗೋದಾಮಿನ ಬೀದಿ ಕಡೆಯ ಗೋಡೆ. ನನ್ನನ್ನು ಕಟ್ಟಿದವನು ಇಮಾಮಸಾಬ ಎಂಬ ಗೌಂಡಿ. ಕಲ್ಲನ್ನು ಎತ್ತಿ, ಸುತ್ತಿಗೆಯಿಂದ ಎರಡು ಸಲ ತಟ್ಟಿ, ಅದರ ಸದ್ದು ಕೇಳಿದ ಮೇಲೆಯೇ ಗಾರೆಯ ಮೇಲೆ ಇಡುತ್ತಿದ್ದ. ನಾನು ಎದ್ದು ನಿಂತ ದಿನ ಗೋದಾಮಿನ ಸಾವಕಾರ ಛತ್ರಿ ಹಿಡಿದು ಬಂದು ನೋಡಿ, "ಇಷ್ಟ ದಪ್ಪ ಯಾಕ ಬೇಕಿತ್ತು?" ಎಂದ. ಈ ಲೋಕದಲ್ಲಿ ನನ್ನ ಬಗ್ಗೆ ನಾನು ಕೇಳಿದ ಮೊದಲ ಮಾತು ಅದು. ಇಮಾಮಸಾಬ ಕರಣೆ ಒರೆಸಿಕೊಂಡು ಹೋದ. ಮನುಷ್ಯರ ಬಗ್ಗೆ ನನ್ನ ಅಭಿಪ್ರಾಯ ಆವತ್ತೇ ಕೆಟ್ಟಿತು. ಆಮೇಲೆ ಅದನ್ನು ಸುಧಾರಿಸುವ ಕೆಲಸವನ್ನು ಯಾರೂ ಮಾಡಲಿಲ್ಲ.

ಮೊದಲು ಬಂದವರು ಸಿನಿಮಾದವರು. ಮೈದಾ ಹಿಟ್ಟಿನ ಅಂಟು ಬಳಿದು ಕಾಗದ ಹಚ್ಚಿ ಹೋದರು. ಆ ಅಂಟಿನ ಆಸೆಗೆ ದನಗಳು ಬಂದು ನನ್ನನ್ನು ನೆಕ್ಕಿದವು. ಆಮೇಲೆ ಚುನಾವಣೆಯವರು ಬಂದರು. ಒಂದು ಪಕ್ಷದವರು ಸುಣ್ಣ ಬಳಿದು ತಮ್ಮ ಗುರುತು ಬರೆದರೆ, ಇನ್ನೊಂದು ಪಕ್ಷದವರು ಅದರ ಮೇಲೆ ಸೆಗಣಿ ಎರಚಿದರು. ಯಾರು ಗೆದ್ದರೋ, ನನ್ನನ್ನು ತೊಳೆಯಲು ಮಾತ್ರ ಒಬ್ಬರೂ ಬರಲಿಲ್ಲ. ಸಾವಕಾರ ಸತ್ತು ಗೋದಾಮು ಒಬ್ಬ ಬಟ್ಟೆ ವ್ಯಾಪಾರಿಗೆ ಹೋಯಿತು. ಅವನು ಕೆಂಪು ಅಕ್ಷರದಲ್ಲಿ "ಇಲ್ಲಿ ಮೂತ್ರ ಮಾಡಬಾರದು" ಎಂದು ಬರೆಸಿದ. ಅದುವರೆಗೆ ಎಲ್ಲೆಲ್ಲೋ ನಿಲ್ಲುತ್ತಿದ್ದ ಗಂಡಸರಿಗೆ ಜಾಗ ತೋರಿಸಿಕೊಟ್ಟ ಹಾಗಾಯಿತು. ಓದಿ ಮುಗಿಸಿ ಅಲ್ಲೇ ನಿಂತರು.

ಅದನ್ನು ನಿಲ್ಲಿಸಿದವಳು ರಾಯವ್ವ. ಬಿದಿರು ಸೀಳಿ ಬುಟ್ಟಿ, ಮೊರ ಹೆಣೆಯುವ ಮೇದಾರರ ಹೆಂಗಸು. ಒಂದು ದಿನ ತಲೆಯ ಮೇಲೆ ಬಿದಿರಿನ ಹೊರೆ ಹೊತ್ತು ಬಂದವಳು ನನ್ನ ಬುಡ ನೋಡಿ ಮೂಗು ಮುಚ್ಚಿಕೊಂಡಳು. ಮೂರು ದಿನ ಕೊಡದಲ್ಲಿ ನೀರು ತಂದು ತಿಕ್ಕಿದಳು. ನಾಲ್ಕನೇ ದಿನ ಗೋಣಿಚೀಲ ಹಾಸಿ ಕುಳಿತಳು. ಹಳೆಯ ಅಭ್ಯಾಸದ ಒಬ್ಬ ಬಂದು ನಿಂತಾಗ ತಲೆ ಎತ್ತದೆ, ಬಿದಿರು ಸೀಳುತ್ತಲೇ, "ತಮ್ಮಾ, ಕೈಯಾಗ ಕೊಯ್ತಾ ಐತಿ ನೋಡ" ಎಂದಳು. ಅವನು ಮತ್ತೆ ಬರಲಿಲ್ಲ.

ರಾಯವ್ವನೂ ನನಗೆ ಮೊಳೆ ಹೊಡೆದಳು. ಹಸಿ ಬಿದಿರು ಒರಗಿಸಿ ನನ್ನ ಮೈ ಗೀಚಿದಳು. ಆದರೆ ಅವಳು ಬೆನ್ನು ಕೊಟ್ಟು ಕುಳಿತಾಗ ನಾನು ಗೋಡೆ ಅನ್ನುವುದು ನನಗೆ ನೆನಪಾಗುತ್ತಿತ್ತು. ಮೂವತ್ತೆರಡು ವರ್ಷ ಕುಳಿತಳು. ಸುತ್ತಲ ಹಳ್ಳಿಗಳಲ್ಲಿ ಮದುವೆ ಗೊತ್ತಾದರೆ ಮೊರಕ್ಕಾಗಿ ಜನ ನೆಟ್ಟಗೆ ಈ ಮೂಲೆಗೇ ಬರುತ್ತಿದ್ದರು. ಅವಳ ಅಂಗಡಿಗೆ ಬಾಗಿಲಿಲ್ಲ, ಬೋರ್ಡಿಲ್ಲ. ಈ ಜಾಗವೇ ಅವಳ ಅಂಗಡಿ.

ಹೀಗಿರುವಾಗ ಪುರಸಭೆಯವರಿಗೆ ಊರನ್ನು ಚಂದ ಮಾಡುವ ಬುದ್ಧಿ ಬಂತು. ಪೇಟೆಯ ಹದಿನಾಲ್ಕು ಗೋಡೆಗಳ ಮೇಲೆ ಚಿತ್ರ ಬರೆಸುವುದು, ಬಸ್ ಸ್ಟ್ಯಾಂಡಿನಿಂದ ಕೆರೆಯವರೆಗೆ ನೆಲದ ಮೇಲೆ ಹಳದಿ ಹೆಜ್ಜೆ ಮೂಡಿಸುವುದು, ಪರಊರಿನವರು ಆ ಹೆಜ್ಜೆ ಹಿಡಿದು ನಡೆಯುತ್ತ ಚಿತ್ರ ನೋಡುವುದು. ನನಗೆ ಒಂಬತ್ತನೇ ನಂಬರಿನ ತಗಡು ಹೊಡೆದರು. ಬರೆಯಲು ಬಂದವನು ಸಂಜೀವ ಪತ್ತಾರ, ಚಿತ್ರಕಲಾ ಶಾಲೆಯಲ್ಲಿ ಕಲಿತ ಹುಡುಗ. ನನ್ನ ಮುಂದೆ ಕುಳಿತ ರಾಯವ್ವನನ್ನೇ ಬರೆಯುತ್ತೇನೆಂದ. ಇಪ್ಪತ್ತು ದಿನ ಅಟ್ಟಣಿಗೆಯ ಮೇಲೆ ನಿಂತು ಹನ್ನೆರಡು ಅಡಿ ಎತ್ತರದ ಮುಖ ಬರೆದ. ಅವನ ಎಣ್ಣೆ ಬಣ್ಣ ಮೈಮೇಲೆ ಬಿದ್ದಾಗ ನನಗೆ ಉಸಿರು ಕಟ್ಟಿತು. ಗಾರೆಯ ಗೋಡೆಗೆ ಅಂಥ ಬಣ್ಣ ಬಳಿಯಬಾರದು, ಒಳಗಿನ ತೇವ ಹೊರಗೆ ಹೋಗುವುದಿಲ್ಲ. ನನ್ನನ್ನು ಕೇಳಿದವರು ಯಾರು?

"ನನ್ನ ಮೂಗು ಇಷ್ಟ ದೊಡ್ಡದೈತೇನೋ?" ಎಂದು ರಾಯವ್ವ ಕೆಳಗಿನಿಂದ ಕೇಳಿದಳು.

"ಎತ್ತರದಾಗ ಹಂಗ ಕಾಣತೈತಿ, ಆಯಿ."

"ಹಂಗಾರ ಇನ್ನೂ ಒಂದೀಟು ಬರಿ. ನನ್ನ ಬೀಗತಿ ಹೊಟ್ಟಿ ಉರಕೊಳ್ಳಲಿ."

ಸಂಜೀವ ಚಿತ್ರದ ಕೆಳಗೆ ಅವಳ ಹೆಸರು ಬರೆದು ಹೋದ. ಮರುದಿನವೇ ಪುರಸಭೆಯ ಮುಕಾದಮ ದುರಗಪ್ಪ ಬಂದ. ಓಣಿ ಕಸ ಗುಡಿಸುವವರ ಮೇಲ್ವಿಚಾರಕ ಅವನು.

"ಯಕ್ಕಾ, ನೀ ಇಲ್ಲಿ ಕುಂತ್ರ ಚಿತ್ರ ಮುಚ್ಚತೈತಿ. ಕುರಿ ಸಂತಿ ಹಿಂದ ಜಾಗಾ ಕೊಟ್ಟಾರ."

"ಅಲ್ಲಿ ಮೊರ ತಗೊಳ್ಳಾಕ ಕುರಿ ಬರ್ತಾವೇನೋ?"

ದುರಗಪ್ಪನ ಆಳುಗಳು ಬಿದಿರನ್ನು ತಳ್ಳುಗಾಡಿಗೆ ಹಾಕಿಕೊಂಡು ಹೋದರು. ಅವಳು ಹಿಂದೆ ನಡೆದಳು.

ಆಮೇಲೆ ನಡೆದದ್ದು ಈ ಊರಿನವರಷ್ಟೇ ಮಾಡಬಹುದಾದ ತಪ್ಪು. ಇಲ್ಲಿ ಯಾರದಾದರೂ ಮುಖ ಅಷ್ಟು ದೊಡ್ಡದಾಗಿ ಬೀದಿಗೆ ಬಂದರೆ, ಒಂದೋ ಅವರು ಲೀಡರು, ಇಲ್ಲವೇ ತೀರಿಕೊಂಡವರು. ರಾಯವ್ವನ ಮುಖದ ಪಕ್ಕದಲ್ಲಿ ಪಕ್ಷದ ಬಾವುಟವಿರಲಿಲ್ಲ, ಹುಟ್ಟುಹಬ್ಬದ ಶುಭಾಶಯವಿರಲಿಲ್ಲ. ಕೆಳಗೆ ಅವಳು ಕೂರುವ ಜಾಗ ಖಾಲಿ. ಮಗಳ ಮದುವೆಗೆ ಐದು ಮೊರ ಒಯ್ಯಲು ಬಂದ ಒಬ್ಬ ಮುದುಕಿ ನನ್ನ ಮುಂದೆ ನಿಂತು, "ಅಯ್ಯ ನನ್ನವ್ವ, ಯಾವಾಗ ಹೋದೆ" ಎಂದು ಲೊಚಗುಟ್ಟಿ, ಮುಡಿದ ಹೂ ತೆಗೆದು ನನ್ನ ಬುಡದಲ್ಲಿಟ್ಟಳು. ಹೋಗಿ ಪ್ಲಾಸ್ಟಿಕ್ ಮೊರ ಕೊಂಡಳು. ಅವಳು ಹೇಳಿದ್ದನ್ನು ಹತ್ತು ಜನ ಹೇಳಿದರು. ಹೂ ರಾಶಿಯಾಯಿತು. ಲಗ್ನದ ದಿನಗಳಾದರೂ ಜನ ಸತ್ತವಳನ್ನು ಹುಡುಕುವುದು ಬಿಟ್ಟು ಬೇರೆ ಕಡೆ ಹೋದರು. ರಾಯವ್ವ ಕುರಿ ಸಂತೆಯ ಹಿಂದೆ ಹೆಣೆದು ಹೆಣೆದು, ಕೊಳ್ಳುವವರಿಲ್ಲದೆ ಅಟ್ಟಿ ಹಾಕಿದಳು.

ಚಿತ್ರ ಮುಗಿದ ಹದಿನೈದನೇ ದಿನ ಉದ್ಘಾಟನೆ. ಪುರಸಭೆ ಅಧ್ಯಕ್ಷರು ಅತಿಥಿಗಳನ್ನು ಕರೆದುಕೊಂಡು ಹಳದಿ ಹೆಜ್ಜೆಯ ಮೇಲೆ ನಡೆದು ಬಂದರು. ನನ್ನ ಬುಡದ ಹೂ ನೋಡಿ ದುರಗಪ್ಪನ ಕಿವಿಯಲ್ಲಿ, "ಈ ತಾಯಿ ಯಾವಾಗ ತೀರಿಕೊಂಡ್ರು?" ಎಂದರು. ದುರಗಪ್ಪನಿಗೆ ನಿಜ ಗೊತ್ತಿತ್ತು. ಬದುಕಿದ್ದಾಳೆ ಎಂದರೆ ಎಲ್ಲಿದ್ದಾಳೆ, ಯಾಕೆ ಎಬ್ಬಿಸಿದೆವು ಎಂದು ಅತಿಥಿಗಳೆದುರು ಹೇಳಬೇಕು. ಅವನು ತಲೆ ತಗ್ಗಿಸಿದ. ಅಧ್ಯಕ್ಷರು ಹಾರ ತರಿಸಿ ಹಾಕಿಸಿದರು. ಒಂದು ನಿಮಿಷ ಮೌನ ಎಂದರು.

ಮೆರವಣಿಗೆ ನೋಡಲು ಬಂದಿದ್ದ ರಾಯವ್ವ ಹಿಂದೆ ನಿಂತಿದ್ದಳು.

"ಯಾರ್ ಸತ್ತಾರೋ ತಮ್ಮಾ?" ಎಂದು ಪಕ್ಕದವನನ್ನು ಕೇಳಿದಳು.

"ಬುಟ್ಟಿ ರಾಯವ್ವ ಅಂತ. ಸುಮ್ನಿರಬೇ."

"ನಾ ಇಲ್ಲೇ ಅದೀನೆಲ್ಲೋ."

ಮೌನ ಹೋಗಿ ನಗೆ ಎದ್ದಿತು. ಅಧ್ಯಕ್ಷರೂ ನಕ್ಕರು. "ಛಲೋ ಆತು ಬಿಡಬೇ. ಸತ್ತ ಸುಳ್ಳು ಸುದ್ದಿ ಹಬ್ಬಿದ್ರ ಆಯುಷ್ಯ ಹೆಚ್ಚಾಗತೈತಿ."

"ಆಯುಷ್ಯ ಒಯ್ದು ಎಲ್ಲಿ ಇಡ್ಲಿರೀ? ಕುಂದ್ರಾಕ ಜಾಗಾ ಇಲ್ಲ."

"ನೋಡಬೇ, ಜನಾ ಗ್ವಾಡಿ ಮ್ಯಾಲಿನ ನಿನ್ನ ಮಾರಿ ನೋಡಾಕ ಬರ್ತಾರ. ಅದಕ್ಕ ನೀನ ಅಡ್ಡ ಕುಂತ್ರ ಹೆಂಗ?" ಎಂದು ಹೇಳಿ ಅವರು ಹತ್ತನೇ ಗೋಡೆಗೆ ನಡೆದರು. ಒಬ್ಬನೂ ಹಿಂದಿರುಗಿ ನೋಡಲಿಲ್ಲ. ಆ ಕ್ಷಣ ಕುಸಿದು ಅವರೆಲ್ಲರ ಮೇಲೆ ಬೀಳುವ ಮನಸ್ಸಾಯಿತು. ಇಮಾಮಸಾಬ ಅಷ್ಟು ಗಟ್ಟಿ ಕಟ್ಟಿದ್ದ, ಆಗಲಿಲ್ಲ.

ಮರುದಿನ ಬೆಳಿಗ್ಗೆ, ಸಂತೆ ತುಂಬುವ ಹೊತ್ತಿಗೆ, ರಾಯವ್ವ ಒಂದು ಬುಟ್ಟಿ ಸೆಗಣಿ, ಒಂದು ಬುಟ್ಟಿ ಕೆಮ್ಮಣ್ಣು ತಂದಳು. ಕಾಳು ತುಂಬುವ ಬುಟ್ಟಿಗೆ ಸಂದಿಲ್ಲದ ಹಾಗೆ ಸೆಗಣಿ ಬಳಿಯುವುದು ಅವಳ ಕಸುಬು. ಕಲಸಿ ಹದ ಮಾಡಿದಳು. ಹಾರ ತೆಗೆದು ಪಕ್ಕಕ್ಕಿಟ್ಟಳು. ಉದ್ದ ಬಿದಿರಿನ ತುದಿಗೆ ಅರಿವೆ ಸುತ್ತಿ, ಹಣೆಯಿಂದ ಶುರು ಮಾಡಿದಳು.

ದುರಗಪ್ಪ ಓಡಿ ಬಂದ. "ಯಕ್ಕಾ, ಏನ್ ಮಾಡಾಕತ್ತಿ? ಸರಕಾರಿ ಚಿತ್ರ ಅದು. ಕೇಸ್ ಆಗತೈತಿ."

"ಸತ್ತಾಕೀನ ಹದಿನೈದ ದಿನ ಬಜಾರದಾಗ ನಿಲ್ಲಿಸಬಾರದೋ. ಮುಗಿಸಿಬಿಡ್ತೀನಿ."

"ಹೆಸರು ಬರಕೋತೀನಿ ನೋಡ."

"ಬರಕೋ. ರಾಯವ್ವ ಮೇದಾರ. ನಿನ್ನೆ ಅಧ್ಯಕ್ಷರು ಹಾರ ಹಾಕಿದ್ರಲ್ಲ, ಆಕಿ."

ದುರಗಪ್ಪ ಕಾಗದ ತೆಗೆದ, ಮಡಚಿದ, ಮತ್ತೆ ತೆಗೆದ. ಬರೆದರೆ ತಾನು ಮುಚ್ಚಿಟ್ಟದ್ದನ್ನೂ ಬರೆಯಬೇಕಾಗುತ್ತಿತ್ತು. ಸಂತೆಯವರು ಸುತ್ತ ನಿಂತು ನೋಡುತ್ತಿದ್ದರು. ಅವನು ಹೋಗಿಬಿಟ್ಟ.

ಸುದ್ದಿ ತಿಳಿದು ಸಂಜೀವ ಬಂದಾಗ ಮುಖ ಪೂರ್ತಿ ಹೋಗಿತ್ತು. "ಇಪ್ಪತ್ತ ದಿನದ ಕೆಲಸ, ಆಯಿ" ಎಂದ. ಹಸಿ ಸೆಗಣಿಯ ಮೇಲೆ ಬೆರಳಿಟ್ಟು ನೋಡಿದ. ಅವನ ಬಣ್ಣದ ಮೇಲೆ ನನಗಿದ್ದ ಸಿಟ್ಟು ಹಾಗೇ ಇದೆ. ಆದರೂ ಆ ಹೊತ್ತು ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ.

"ಮೂಗು ಛಲೋ ಬಂದಿತ್ತಪಾ" ಎಂದಳು ರಾಯವ್ವ, ಕೈ ತೊಳೆಯುತ್ತ. "ನಿಂದೇನ್ ತಪ್ಪಿಲ್ಲ. ನಮ್ಮಿಬ್ರಿಗೂ ಜಾಗಾ ಸಾಲಲಿಲ್ಲ, ಅಷ್ಟ."

ಗೋಣಿಚೀಲ ಹಾಸಿ, ಹಸಿ ಸೆಗಣಿ ಆರುವ ಮೊದಲೇ ಕುಳಿತಳು. ಮುಚ್ಚಿಹೋಗಲು ಚಿತ್ರವಿಲ್ಲದ ಮೇಲೆ ಅವಳನ್ನು ಎಬ್ಬಿಸಲು ಯಾರಿಗೂ ಕಾರಣ ಉಳಿಯಲಿಲ್ಲ.

ಇದೆಲ್ಲ ಆಗಿ ಆರು ವರ್ಷವಾಯಿತು. ನಾನೀಗ ಮುದಿಯಾಗಿದ್ದೇನೆ. ಬಣ್ಣದ ಹಿಂದೆ ಸಿಕ್ಕಿಕೊಂಡ ತೇವ ನನ್ನನ್ನು ಒಳಗಿನಿಂದ ತಿನ್ನುತ್ತಿದೆ. ಬಟ್ಟೆ ವ್ಯಾಪಾರಿಯ ಮಕ್ಕಳು ನನ್ನನ್ನು ಕೆಡವಿ ಷಟರ್ ಕೂರಿಸುವ ಮಾತಾಡುತ್ತಾರೆ. ಮಾಡಲಿ. ಮನುಷ್ಯರಿಂದ ನಾನು ಬೇರೇನನ್ನೂ ಕಾಯುತ್ತಿಲ್ಲ. ಮಳೆಗಾಲದಲ್ಲಿ ಸೆಗಣಿ ಕಳಚಿ ಒಂದು ಕಣ್ಣೋ ಕೆನ್ನೆಯೋ ಕಾಣಿಸಿಕೊಳ್ಳುತ್ತದೆ. ರಾಯವ್ವ ಎದ್ದು, ಸೊಂಟ ಹಿಡಿದುಕೊಂಡು ಮತ್ತೆ ಬಳಿಯುತ್ತಾಳೆ.

ಪುರಸಭೆಯವರು ಊರು ನೋಡುವವರಿಗೆ ಹೊಸ ಹಾಳೆ ಅಚ್ಚು ಹಾಕಿಸಿದ್ದಾರೆ. ಅದರಲ್ಲಿ ಎಂಟು ಆದ ಮೇಲೆ ಹತ್ತು. ಪರಊರಿನವರು ಹಾಳೆ ನೋಡಿಕೊಂಡು ನಮ್ಮ ಮುಂದೆಯೇ ಹಾದು ಹೋಗುತ್ತಾರೆ, ನಿಲ್ಲುವುದಿಲ್ಲ. ಮೊರ ಬೇಕಾದವರು ಮಾತ್ರ ನಿಲ್ಲುತ್ತಾರೆ.